ಬಾವನ ಲಾರಿಗೆ ಹೊಸ ಪೈಪು

ಮೇಸ್ತ್ರಿಯ ಪ್ರಕಾರ ಆ ಲಾರಿಗೆ ಉಸಿರಾಟದ ತೊಂದರೆಯೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಶೆಡ್ಡಿನಲ್ಲಿ ಆರು ಲಾರಿಗಳನ್ನು ಬಿಚ್ಚುತ್ತ, ಜೋಡಿಸುತ್ತ ಬಂದವನು ಅವನು. ಯಾವ ಲಾರಿಗೆ ನಿಜವಾಗಿ ಕೆಮ್ಮು, ಯಾವುದು ಕೆಲಸ ತಪ್ಪಿಸಿಕೊಳ್ಳಲು ಕೆಮ್ಮುತ್ತದೆ ಎನ್ನುವುದು ಅವನಿಗೆ ನಿದ್ದೆಯಲ್ಲೂ ಗೊತ್ತು. ಹೀಗಿರುವಾಗ ಸ್ವಂತ ಅಕ್ಕನ ಗಂಡ, ಅದೇ ಶೆಡ್ಡಿನ ಹಿರಿಯ ಡ್ರೈವರು, ರಜೆಯ ದಿನ ಯಾರಿಗೂ ಹೇಳದೆ ತಮ್ಮ ಲಾರಿಗೆ ಹೊಸ ಗಾಳಿ ಪೈಪು ಹಾಕಿಸಿಕೊಂಡು ಬಂದರೆ ಅವನಿಗೆ ಹೇಗಾಗಬೇಡ?

ಕಂಪನಿ ಕೊಟ್ಟಿದ್ದ ಕಪ್ಪು ಫಿಲ್ಟರ್ ಡಬ್ಬಿ ಕ್ಯಾಬಿನ್ನಿನಲ್ಲಿ ಸೀಟಿನ ಹಿಂದೆ ಬಿದ್ದಿತ್ತು. ಅದರ ಜಾಗದಲ್ಲಿ ಮೊಣಕೈ ಬಗ್ಗಿಸಿದಂತಹ ಥಳಥಳಿಸುವ ಪೈಪು, ಪೈಪಿನ ತುದಿಗೆ ಕೆಂಪು ಬಣ್ಣದ ಬೋಳು ಫಿಲ್ಟರು. ಸ್ಟಾರ್ಟ್ ಮಾಡಿದರೆ ಸೀಟಿ, ಆಕ್ಸಿಲರೇಟರ್ ತುಳಿದರೆ ಗರ್ಜನೆ. ಶೆಡ್ಡಿನ ತಗಡಿನ ಗೋಡೆಗಳು ಅದುರಿದವು.

"ಗಾಳಿ ಜಾಸ್ತಿ ಹೋಗುತ್ತೆ. ಪಿಕಪ್ ಬರುತ್ತೆ, ಮೈಲೇಜೂ ಬರುತ್ತೆ," ಅಂದರು ಬಾವ.

"ಬಾವ, ಈ ಎಂಜಿನ್‌ಗೆ ಎಷ್ಟು ಗಾಳಿ ಬೇಕು ಅಂತ ಅದನ್ನ ಮಾಡಿದವರಿಗೆ ಗೊತ್ತಿಲ್ವಾ? ಹಳೇ ಫಿಲ್ಟರ್ ಕಟ್ಟಿಕೊಂಡಿದ್ರೆ ಮಾತು ಬೇರೆ. ಹೋದ ತಿಂಗಳು ತಾನೇ ನಾನೇ ಹೊಸದು ಹಾಕಿದ್ದೀನಿ. ಇದು ನೋಡಿದ್ರೆ ಎಂಜಿನ್ ಪಕ್ಕ ಕೂತು ಬಿಸಿ ಗಾಳಿ ಎಳೀತಾ ಇದೆ. ಬರೀ ಸದ್ದು ಅಷ್ಟೆ."

"ನೋಡೋಣ," ಅಂದರು ಬಾವ. ಅವರು ಇತ್ತೀಚೆಗೆ ಎಲ್ಲದಕ್ಕೂ 'ನೋಡೋಣ' ಅನ್ನುತ್ತಿದ್ದರು.

ಇದು ಬರೀ ಬಾವ ಬಾಮೈದರ ಜಗಳವಾಗಿದ್ದರೆ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಒಂದು ವರ್ಷದಿಂದ ಬಾವನ ಲಾರಿ ಡೀಸೆಲ್ಲನ್ನು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಲೀಟರಿಗೆ ನಾಲ್ಕೂವರೆ ಕಿಲೋಮೀಟರು ಓಡುತ್ತಿದ್ದದ್ದು ನಾಲ್ಕಕ್ಕೆ ಬಂದು ನಿಂತಿತ್ತು. ಮೇಸ್ತ್ರಿ ಎಲ್ಲವನ್ನೂ ಬಿಚ್ಚಿ ನೋಡಿ, ಏನೂ ಸಿಗದೆ ಮತ್ತೆ ಮುಚ್ಚಿದ್ದ. ಲಾರಿಗಳ ಮಾಲಕಿ ಹೆಚ್ಚು ಮಾತಿನವರಲ್ಲ. "ವಯಸ್ಸಾಗಿರೋದು ಲಾರಿಗೋ ಡ್ರೈವರ್‌ಗೋ ನೋಡಿ ಹೇಳು," ಎಂದಷ್ಟೇ ಹೇಳಿದ್ದರು. ಡ್ರೈವರಿಗೆ ಅಂತಾದರೆ ಗೋಡೌನಿನ ಬಾಗಿಲಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಒಳಗೆ ಬರುವವರ ಚೀಟಿ ನೋಡಿ ತಲೆಯಾಡಿಸುವ ಕೆಲಸ. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದ ಬಾವ ಆ ಕುರ್ಚಿಯ ಮುಂದೆ ಹಾಯುವಾಗ ಅತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಪೈಪು ಹಾಕಿದ ಮೊದಲ ವಾರವೇ ಬಾವನ ಲಾರಿ ನಾಲ್ಕೂವರೆಗೆ ಏರಿತು.

ಮೇಸ್ತ್ರಿ ನಂಬಲಿಲ್ಲ. ಟ್ಯಾಂಕಿನ ಕತ್ತಿನವರೆಗೆ ತಾನೇ ಡೀಸೆಲ್ ತುಂಬಿಸಿ, ಮುಚ್ಚಳಕ್ಕೆ ತಂತಿ ಸುತ್ತಿ ಸೀಲು ಹಾಕಿದ. ಅದೇ ಟೈಲ್ಸ್ ಲೋಡು, ಅದೇ ದಾರಿ, ಟೈರಿನಲ್ಲಿ ಅಷ್ಟೇ ಗಾಳಿ. ಮತ್ತೆ ನಾಲ್ಕೂವರೆ. ಶೆಡ್ಡಿನಲ್ಲಿ ಅವನಿಗೆ ತಲೆಯೆತ್ತಿ ಓಡಾಡುವುದು ಕಷ್ಟವಾಯಿತು. ಗಡಿಬಿಡಿ ಎಂದೇ ಹೆಸರಾದ ಇನ್ನೊಬ್ಬ ಡ್ರೈವರು ಸ್ಪ್ಯಾನರು ಕೇಳುವ ನೆಪದಲ್ಲಿ ಬಂದು, "ಮೇಸ್ತ್ರಿ, ನನ್ನ ಲಾರಿಗೂ ಒಂದು ಮೂಗು ಅಂಟಿಸಿಬಿಡಿ," ಎಂದು ಹೋದ. ಮಾಲಕಿಯ ಅಪ್ಪಣೆಯೂ ಬಂತು: "ಇನ್ನೊಂದು ಲಾರಿಗೆ ಹಾಕಿ ನೋಡು. ಪ್ರಯೋಜನ ಇದ್ರೆ ಆರಕ್ಕೂ ಹಾಕ್ಸೋಣ. ಇಲ್ಲ ಅಂದ್ರೆ ಕಿತ್ತುಹಾಕು. ಏನಾಯ್ತು ಅಂತ ಬರೆದುಕೊಡು."

ಮೇಸ್ತ್ರಿ ಪೈಪನ್ನು ಬಿಚ್ಚಿ ಗಡಿಬಿಡಿಯ ಲಾರಿಗೆ ಹಾಕಿದ. ಮೊದಲು ನಾಲ್ಕು ಪಾಯಿಂಟ್ ಮೂರು ಇತ್ತು, ಹಾಕಿದ ಮೇಲೂ ನಾಲ್ಕು ಪಾಯಿಂಟ್ ಮೂರು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಳೆಯ ಡಬ್ಬಿ ಹಾಕಿಕೊಂಡ ಬಾವನ ಲಾರಿ ಅದೇ ವಾರ ನಾಲ್ಕಕ್ಕೆ ಇಳಿಯಿತು. ಒಂದೇ ಪೈಪು ಒಂದು ಲಾರಿಗೆ ಅಮೃತ, ಇನ್ನೊಂದಕ್ಕೆ ಬರೀ ತಗಡು ಅಂದರೆ ಮೇಸ್ತ್ರಿಯ ಬುದ್ಧಿ ಒಪ್ಪಲಿಲ್ಲ. ಮೂರು ದಿನ ಊಟ ರುಚಿಸಲಿಲ್ಲ. ಕೊನೆಗೆ ಅವನಿಗೆ ಹೊಳೆದದ್ದು ಒಂದೇ. ಬಾವ ಹಟಕ್ಕೆ ಬಿದ್ದು, ಪೈಪು ಇಲ್ಲದಾಗ ಬೇಕಂತಲೇ ಕೆಟ್ಟದಾಗಿ ಓಡಿಸುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಅವನು ಅಕ್ಕ ಕಟ್ಟಿಕೊಟ್ಟ ಬುತ್ತಿ ಡಬ್ಬಿ ಹಿಡಿದು ಬಾವನ ಲಾರಿ ಹತ್ತಿದ. ಲಾರಿಯಲ್ಲಿ ಹಳೆಯ ಫಿಲ್ಟರ್ ಡಬ್ಬಿಯೇ ಇತ್ತು. ಬಾವ ಬೇಡ ಅನ್ನಲಿಲ್ಲ. ಸೀಟಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟರು.

ಶೆಡ್ಡಿನ ಗೇಟು ದಾಟಿ ಹೆದ್ದಾರಿಗೆ ಬರುವಷ್ಟರಲ್ಲೇ ಮೇಸ್ತ್ರಿಗೆ ರಹಸ್ಯ ತಿಳಿಯಿತು. ಮೂರನೇ ಗೇರಿನಲ್ಲಿ ಎಂಜಿನ್ನು ಅರಚಿಕೊಳ್ಳುತ್ತಿತ್ತು. ಎಂದೋ ನಾಲ್ಕಕ್ಕೆ ಹಾಕಬೇಕಾಗಿತ್ತು. ಬಾವ ಆರಾಮಾಗಿ ರಸ್ತೆ ನೋಡುತ್ತ ಕೂತಿದ್ದರು. ಏರಿನಲ್ಲಿ ಇದಕ್ಕೆ ತದ್ವಿರುದ್ಧ. ಎಂಜಿನ್ನು ಗೊರಗೊರ ಎಂದು ಬೇಡಿಕೊಂಡರೂ ಗೇರು ಇಳಿಸಲಿಲ್ಲ. ಎಂಜಿನ್ನಿನ ವೇಗ ತೋರಿಸುವ ಮುಳ್ಳು ಕೆಟ್ಟು ಮೂರು ವರ್ಷವಾಗಿತ್ತು. ಸರಿ ಮಾಡುತ್ತೇನೆಂದರೆ ಬಾವನೇ ಬೇಡವೆಂದಿದ್ದರು, ಅಷ್ಟು ವರ್ಷ ಸದ್ದು ಕೇಳಿಯೇ ಗೇರು ಹಾಕಿದವನಿಗೆ ಮುಳ್ಳು ಯಾಕೆ ಅಂತ.

ಮೇಸ್ತ್ರಿಗೆ ನಖಶಿಖಾಂತ ಉರಿಯಿತು. ದೊಡ್ಡವರ ಮುಖ ನೋಡಿ ಬೈಯಲಾಗದೆ ಕಿಟಕಿಯ ಕಡೆ ತಿರುಗಿ ಹೇಳಿದ: "ಬೇಕಂತಲೇ ಮಾಡ್ತಾ ಇದ್ದೀರಿ ಬಾವ. ನನ್ನ ಮರ್ಯಾದೆ ತೆಗೀಬೇಕು ಅಂತ."

ಬಾವ ರಸ್ತೆ ನೋಡುತ್ತ ಓಡಿಸುತ್ತಲೇ ಇದ್ದರು.

"ಈ ವಯಸ್ಸಲ್ಲಿ ಮೋಸ ಮಾಡೋಕೆ ನಾಚಿಕೆ ಆಗಲ್ವಾ?" ಈ ಮಾತು ಆಡಿದ ಕೂಡಲೇ ಅವನು ನಾಲಿಗೆ ಕಚ್ಚಿಕೊಂಡ. ಅಕ್ಕನ ಗಂಡನಿಗೆ ಜನ್ಮದಲ್ಲಿ ಹಾಗೆ ಅಂದವನಲ್ಲ.

ಬಾವ ಕನ್ನಡಿ ನೋಡಿದರು, ಕೆನ್ನೆ ತುರಿಸಿಕೊಂಡರು. ಆಮೇಲೆ, "ಬುತ್ತಿಗೆ ಏನು ಹಾಕಿದ್ದಾಳೆ ನಿನ್ನಕ್ಕ, ತೆಗೆದು ನೋಡು," ಅಂದರು.

ಮೇಸ್ತ್ರಿ ಡಬ್ಬಿ ತೆಗೆಯಲಿಲ್ಲ. ಎರಡು ಕೈಯಲ್ಲೂ ಅದನ್ನು ಹಿಡಿದು ಕೂತ. ಅಕ್ಕ ಈಗೀಗ ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು, ಒಂದೊಂದು ಮಾತಿಗೂ ಹೊರಗೆ ಬಂದು ಗಂಡನ ಎದುರು ನಿಂತು ಹೇಳುವುದು ನೆನಪಾಯಿತು. ಕಾಲುನೋವಿನವಳು ಇಷ್ಟು ಓಡಾಡುತ್ತಾಳಲ್ಲ ಎಂದು ಅವನು ಅವಳನ್ನೇ ಗದರಿದ್ದ. ಲಾರಿಯಲ್ಲಿ ರೇಡಿಯೋ ಹಾಕಿ ಎಷ್ಟು ಕಾಲವಾಯಿತೆಂಬುದೂ ನೆನಪಾಗಲಿಲ್ಲ. ಪೈಪು ಎಂಜಿನ್ನಿಗೆ ಏನನ್ನೂ ಕೊಟ್ಟಿರಲಿಲ್ಲ. ಎಂಜಿನ್ನಿನ ಸದ್ದನ್ನು ಬಾವನಿಗೆ ತಲುಪಿಸಿತ್ತು, ಅಷ್ಟೇ.

ಟೈಲ್ಸ್ ಇಳಿಸುವ ಜಾಗ ಬಂತು. ಹಮಾಲಿಗಳು ಪೆಟ್ಟಿಗೆ ಇಳಿಸುವಾಗ ಬಾವ ಒಂದು ಕಲ್ಲಿನ ಮೇಲೆ ಕೂತಿದ್ದರು. ಮೇಸ್ತ್ರಿ ಹೋಗಿ ಸರಿಯಾಗಿ ಎದುರಿಗೆ ನಿಂತ, ಅಕ್ಕ ನಿಲ್ಲುವ ಹಾಗೆ.

"ಬಾವ, ಆ ಮುಳ್ಳನ್ನ ನಾಳೆನೇ ಸರಿ ಮಾಡಿಕೊಡ್ತೀನಿ. ಅದು ನೋಡಿಕೊಂಡು ಗೇರ್ ಹಾಕಿ. ಪೈಪ್ ಬೇಕಾಗಲ್ಲ."

ಬಾವ ಅವನ ಮುಖ ನೋಡಿದರು. "ಗೊತ್ತಾಯ್ತಾ?" ಅಂದರು.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಒಂದು ಕಿವಿ ಮೊದಲು ಹೋಯ್ತು, ಆಮೇಲೆ ಇನ್ನೊಂದು. ಡಾಕ್ಟರ್ ಹತ್ರ ಹೋದ್ರೆ ಚೀಟಿ ಬರೀತಾರೆ. ಚೀಟಿ ಬಂದ್ರೆ ಕುರ್ಚಿ." ಬಾವ ನೆಲದ ಮೇಲಿನ ಟೈಲ್ಸ್ ಚೂರೊಂದನ್ನು ಕಾಲಿನಲ್ಲಿ ತಿರುಗಿಸಿದರು. "ಆ ಪೈಪ್ ಮಾರೋನು ಮೈಲೇಜು ಪೈಲೇಜು ಅಂತ ಬೋರ್ಡು ತೋರಿಸಿ ಏನೇನೋ ಹೇಳ್ತಿದ್ದ. ನನಗೆ ಒಂದಕ್ಷರ ಕೇಳಿಸ್ಲಿಲ್ಲ. ಕೊನೆಗೆ ಒಂದು ಲಾರಿ ಸ್ಟಾರ್ಟ್ ಮಾಡಿ ತೋರಿಸಿದ. ಅದು ಕೇಳಿಸ್ತು ಕಣೋ. ಅಲ್ಲೇ ನಿಂತು ಎರಡು ಸಲ ಸ್ಟಾರ್ಟ್ ಮಾಡಿಸಿದೆ."

ಮೇಸ್ತ್ರಿ ಕೆಟ್ಟದ್ದನ್ನು ಸರಿ ಮಾಡುವ ಕಸುಬಿನವನು, ಅಲ್ಲೇ ನಿಂತು ಉಪಾಯ ಹೇಳಿದ. ಮುಳ್ಳು ಸರಿಯಾದರೆ ಗೇರು ಸರಿ. ಗೇರು ಸರಿಯಾದರೆ ಮೈಲೇಜು ನಾಲ್ಕೂವರೆ. ವಯಸ್ಸಾಗಿದ್ದದ್ದು ಮುಳ್ಳಿಗೆ ಎಂದು ಮಾಲಕಿಗೆ ಬರೆದುಕೊಟ್ಟರಾಯಿತು. ಯಾರಿಗೂ ತಿಳಿಯುವುದಿಲ್ಲ. ಬಾವ ಅವನ ತುಟಿಗಳನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡು ನಕ್ಕರು. ಅಷ್ಟು ಹಗುರವಾಗಿ ಅವರು ನಕ್ಕು ವರ್ಷವೇ ಆಗಿತ್ತೇನೋ.

ವಾಪಸು ಬರುವಾಗ ಲಾರಿ ಖಾಲಿ. ಸೇತುವೆ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ಸಾಲು ಸಾಲು ತಿರುವುಗಳು. ಅಲ್ಲಿ ಹಿಂದಿನಿಂದ ಆಂಬುಲೆನ್ಸಿನ ಸೈರನ್ನು ಕೇಳಿಸಿತು.

ಮೇಸ್ತ್ರಿ ಹೇಳಲು ಬಾಯಿ ತೆರೆದ. ತೆರೆದವನು ಮುಚ್ಚಿದ. ಕನ್ನಡಿಯಲ್ಲಿ ಕಾಣುತ್ತದೆ, ಬಾವ ಈಗ ಬದಿಗೆ ತೆಗೆಯುತ್ತಾರೆ, ನೋಡೇಬಿಡೋಣ ಎಂದುಕೊಂಡ. ತಿಂಗಳಿಂದ ಪರೀಕ್ಷೆ ಮಾಡಿ ಮಾಡಿ ಅವನಿಗೆ ಅದೊಂದು ಚಟವಾಗಿತ್ತು. ಆದರೆ ಆಂಬುಲೆನ್ಸು ಲಾರಿಗೆ ಅಂಟಿಕೊಂಡೇ ಬರುತ್ತಿದ್ದರಿಂದ ಕನ್ನಡಿಗೆ ಸಿಗುತ್ತಿರಲಿಲ್ಲ. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು. ಸೈರನ್ನಿನ ಜೊತೆ ಹಾರ್ನೂ ಸೇರಿಕೊಂಡಿತು. ಬಾವ ಬಲು ಸಮಾಧಾನದಿಂದ ರಸ್ತೆಯ ನಡುವೆ ಓಡಿಸುತ್ತಿದ್ದರು, ಬಾಯಲ್ಲಿ ಏನೋ ಗುನುಗುತ್ತಿದ್ದರು.

ಮೂರನೇ ತಿರುವಿನಲ್ಲಿ ಮೇಸ್ತ್ರಿ ಅವರ ಭುಜ ಹಿಡಿದು ಅಲ್ಲಾಡಿಸಿದ.

ಬಾವ ಬದಿಗೆ ತೆಗೆದರು. ಆಂಬುಲೆನ್ಸು ಹಾಯ್ದು ಹೋಯಿತು. ಹಿಂದಿನ ಗಾಜಿನಲ್ಲಿ ಒಬ್ಬ ಹೆಂಗಸು ಹೊರಗೆ ನೋಡುತ್ತ ಕೂತಿದ್ದಳು. ಅವಳ ಕೈ ಯಾರದೋ ಹೊದಿಕೆಯ ಮೇಲಿತ್ತು.

ಬಾವ ಎಂಜಿನ್ನು ಆರಿಸಿದರು.

"ಎಷ್ಟು ಹೊತ್ತಿಂದ ಇತ್ತು ಹಿಂದೆ?"

"ಈಗ ಬಂತಷ್ಟೆ," ಅಂದ ಮೇಸ್ತ್ರಿ, ತಲೆ ತಗ್ಗಿಸಿ.

"ಮುಖ ನೋಡಿ ಹೇಳು. ಇಲ್ಲಾಂದ್ರೆ ನನಗೆ ಗೊತ್ತಾಗಲ್ಲ."

ಮೇಸ್ತ್ರಿ ಮುಖವೆತ್ತಿದ. "ಸೇತುವೆ ದಾಟಿದಾಗಿಂದ."

ಬಾವ ರಸ್ತೆಯನ್ನೇ ನೋಡಿದರು. ಸೇತುವೆ ಎಷ್ಟು ಹಿಂದೆ ಎಂಬುದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ದಾರಿಯ ಒಂದೊಂದು ಗುಂಡಿಯೂ ಅವರಿಗೆ ಪರಿಚಯ.

ಮೇಸ್ತ್ರಿ ಅವರ ತೋಳು ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡ. "ನನ್ನದೇ ತಪ್ಪು ಬಾವ. ನಾನು ಆಗಲೇ ಹೇಳಬೇಕಿತ್ತು."

"ದಿನಾ ನೀನು ಪಕ್ಕದಲ್ಲಿ ಇರ್ತೀಯಾ?" ಅಂದರು ಬಾವ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ಟೀರಿಂಗ್ ಮೇಲಿನಿಂದ ಕೈ ತೆಗೆದು, "ವಯಸ್ಸಾಗಿರೋದು ಡ್ರೈವರ್‌ಗೆ ಅಂತ ಬರಿ. ಪೈಪಿನಿಂದ ಏನೂ ಪ್ರಯೋಜನ ಇಲ್ಲ, ನೀನು ಹೇಳಿದ್ದೇ ಸರಿ," ಅಂದರು.

ತಿಂಗಳಿಂದ ಈ ಒಂದು ಮಾತು ಬಾವನ ಬಾಯಿಂದ ಬರಲಿ ಎಂದು ಮೇಸ್ತ್ರಿ ಕಾದಿದ್ದ. ಬಂದರೆ ಶೆಡ್ಡಿನಲ್ಲಿ ಎಲ್ಲರೆದುರು ಬರಲಿ ಎಂದೂ ಆಸೆಪಟ್ಟಿದ್ದ. ಈಗ ಅವನು ಬೇಡ ಬಾವ, ಬೇಡ ಬಾವ ಎಂದು ಎರಡು ಸಲ ಅಂದ. ಬಾವ ಆಗಲೇ ಬಾಗಿಲು ತೆಗೆದು ಕೆಳಗಿಳಿದಿದ್ದರು. ಲಾರಿಯ ಮುಂದುಗಡೆಯಿಂದ ಸುತ್ತಿ, ಇವನ ಬಾಗಿಲಿಗೆ ಬಂದು, ಸರಿದುಕೋ ಎಂದು ಕೈಸನ್ನೆ ಮಾಡಿದರು.

ಮೇಸ್ತ್ರಿ ಸ್ಟೀರಿಂಗಿನ ಹಿಂದೆ ಕೂತ. ಶೆಡ್ಡಿನ ಅಂಗಳದಲ್ಲಿ ಹಿಂದೆ ಮುಂದೆ ಮಾಡುವುದು ಬಿಟ್ಟರೆ ಲಾರಿಯನ್ನು ರಸ್ತೆಯಲ್ಲಿ ಓಡಿಸಿ ಅವನಿಗೆ ಬಹಳ ಕಾಲವಾಗಿತ್ತು. ಕನ್ನಡಿ ಸರಿಮಾಡಿಕೊಂಡು ಸ್ಟಾರ್ಟ್ ಮಾಡಿದ. ಬಾವ ಆಚೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎಂಜಿನ್ನು ಕೇಳಿದಾಗ ಎರಡನೇ ಗೇರು, ಮತ್ತೆ ಕೇಳಿದಾಗ ಮೂರನೆಯದು ಹಾಕುವಷ್ಟರಲ್ಲಿ ಅವನಿಗೆ ತಡೆಯಲಾಗದೆ ಅಳು ಬಂತು. ಸಣ್ಣ ಮಕ್ಕಳ ಹಾಗೆ ದನಿ ತೆಗೆದು ಅತ್ತ. ಬಾವ ತಿರುಗಲಿಲ್ಲ.