ಕುಮೊಯಿ ಚರಿತ್ರೆಯ ಐರ್ಲೆಂಡ್ ಅಧ್ಯಾಯ

ಜಪಾನಿನ ಹಳೆಯ ಕಂಪನಿಗಳಿಗೆ ಒಂದು ಹುಚ್ಚಿದೆ. ನಮ್ಮಲ್ಲಾದರೆ ಕಂಪನಿಗೆ ವಯಸ್ಸಾದಾಗ ಮಾಲೀಕರು ಎಲ್ಲರಿಗೂ ಒಂದು ಸ್ಟೀಲ್ ಡಬ್ಬಿ, ಕಾಲು ಕೆಜಿ ಮೈಸೂರ್‌ಪಾಕ್ ಹಂಚಿ ಕೈತೊಳೆದುಕೊಳ್ಳುತ್ತಾರೆ. ಅವರು ಹಾಗಲ್ಲ, ತಮ್ಮ ಚರಿತ್ರೆಯನ್ನು ತಾವೇ ಬರೆಸಿ ದಪ್ಪ ಪುಸ್ತಕ ಮಾಡುತ್ತಾರೆ. ಅದು ಗಿರಾಕಿಗಳಿಗೆ ಹೋಗುತ್ತದೆ, ನೌಕರರ ಮನೆಗೆ ಹೋಗುತ್ತದೆ, ಲೈಬ್ರರಿಗಳಿಗೂ ಹೋಗುತ್ತದೆ. ಅದರಲ್ಲಿ ಒಮ್ಮೆ ಅಚ್ಚಾದದ್ದು ಅವರ ಪಾಲಿಗೆ ಕಲ್ಲಿನ ಮೇಲಿನ ಶಾಸನ.

ಕುಮೊಯಿ ಟ್ರೇಡಿಂಗ್‌ಗೆ ನೂರು ವರ್ಷ ತುಂಬುವುದರಲ್ಲಿತ್ತು. ಒಸಾಕಾದ ಬಂದರಿನ ಬಳಿ ಕೈಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಕುಮೊಯಿ ಎಂಬಾತ ಶುರುಮಾಡಿದ ವ್ಯಾಪಾರ ಅದು. ದೀಪದ ಕಾಲ ಮುಗಿದ ಮೇಲೆ ಯಂತ್ರದ ಎಣ್ಣೆಗೆ ಬಂದ. ಯುದ್ಧದಲ್ಲಿ ಗೋದಾಮು ಸುಟ್ಟು ಬೂದಿಯಾಯಿತು. ಮಗ ಮತ್ತೆ ಮೊದಲಿಂದ ಶುರುಮಾಡಿ, ಪೆಟ್ರೋಲಿಯಂನಿಂದ ತೆಗೆದ ಸಾಲ್ವೆಂಟು ಎಂಬ ದ್ರಾವಕ, ಪ್ಲಾಸ್ಟಿಕ್ಕಿನ ಕಾಳು, ಬಣ್ಣದ ಕಚ್ಚಾ ಸಾಮಾನು ಎಂದು ಒಂದೊಂದೇ ಸೇರಿಸಿಕೊಂಡ. ಮೊಮ್ಮಗ ಯೂರೋಪಿಗೆ ಕಾಲಿಟ್ಟ. ಇಷ್ಟಾದರೂ ಕಂಪನಿ ತಾನಾಗಿ ಒಂದು ಹನಿಯನ್ನೂ ತಯಾರಿಸಿದ್ದಿಲ್ಲ, ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮುಟ್ಟಿಸುವುದೇ ಅದರ ಕಸುಬು. ಇಂಥ ಕಸುಬಿಗೆ ಕೊಟ್ಟ ಮಾತೇ ಬಂಡವಾಳ.

ಐರ್ಲೆಂಡಿನ ಔಷಧ ಕಾರ್ಖಾನೆಗಳಿಗೆ ಸಾಲ್ವೆಂಟ್ ಪೂರೈಸಲು ಕುಮೊಯಿಯವರು ರಾಜಧಾನಿಯ ಹೊರವಲಯದ ಸಿಟಿವೆಸ್ಟಿನಲ್ಲಿ ಒಂದು ಸಣ್ಣ ಆಫೀಸು ತೆರೆದಿದ್ದರು. ಅದರ ಮುಖ್ಯಸ್ಥರು ನಕಾನೊ, ಮಾತು ಕಮ್ಮಿಯ ಹಿರಿಯರು. ಸೇಲ್ಸ್ ಪೂರ್ತಿ ನೋಡಿಕೊಳ್ಳುತ್ತಿದ್ದವಳು ತುಮಕೂರಿನ ರಜನಿ. ಗಂಡ ಹೇಮಚಂದ್ರ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವನ ಹಿಂದೆ ಬಂದವಳು ಮನೆಯಲ್ಲಿ ಕೂರದೆ ಈ ಕೆಲಸ ಹಿಡಿದು, ಒಂದೊಂದೇ ಗಿರಾಕಿಯನ್ನು ಕಟ್ಟಿದ್ದಳು. ನಕಾನೊ ಆ ವರ್ಷ ನಿವೃತ್ತರಾಗಿ ಊರಿಗೆ ಹೊರಡುವವರಿದ್ದರು. ಅವರ ಕುರ್ಚಿ ತನಗೇ ಎಂದು ರಜನಿ ನಂಬಿದ್ದಳು. ನಂಬದೆ ಏನು ಮಾಡುತ್ತಾಳೆ, ದುಡಿದವಳು ಅವಳು.

ಪುಸ್ತಕದ ಐರ್ಲೆಂಡ್ ಅಧ್ಯಾಯ ಬರೆಯುವ ಕೆಲಸ ಸತ್ಯಪ್ರಕಾಶನಿಗೆ ಬಿತ್ತು. ಅವನು ಡನ್‌ಡಾಕ್‌ನ ಕಾಲೇಜಿನಲ್ಲಿ ಮಾಸ್ಟರ್ಸ್ ಮಾಡಲು ಬಂದ ಹುಡುಗ. ಬಾಡಿಗೆಗೆ ಮನೆ ಸಿಗದೆ ಅಲೆಯುತ್ತಿದ್ದಾಗ ರಜನಿ ತನ್ನ ಮನೆಯ ಮೇಲಿನ ರೂಮು ಬಿಟ್ಟುಕೊಟ್ಟಿದ್ದಳು, ಓದು ಮುಗಿದ ಮೇಲೆ ತನ್ನ ಕೈಕೆಳಗೇ ಕೆಲಸ ಕೊಡಿಸಿದ್ದಳು. ಬಾಯಿ ತೆರೆದರೆ ಅಕ್ಕ. ಅಕ್ಕ ಸಾರು ಸೂಪರ್, ಅಕ್ಕ ನೀವಿಲ್ದಿದ್ರೆ ನಾನಿಲ್ಲ. ಇಂಗ್ಲಿಷನ್ನು ಐರಿಶ್ ಹುಡುಗರ ಹಾಗೇ ಉರುಳಿಸುತ್ತಿದ್ದ, ಸರಿ ಅನ್ನುವ ಕಡೆಯೆಲ್ಲ ಅವರಂತೆ ಗ್ರ್ಯಾಂಡ್ ಅನ್ನುತ್ತಿದ್ದ. ಅಧ್ಯಾಯಕ್ಕೆ ಬೇಕಾದ ಹಳೆಯ ಕಥೆಗಳನ್ನೆಲ್ಲ ರಜನಿಯೇ ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ಹೇಮಚಂದ್ರ ಮಾತ್ರ, ನಿನ್ನ ಕಥೆ ನೀನೇ ಬರೆಯಬಾರದಾ ಮಾರಾಯ್ತಿ ಅಂದಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು.

ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಎಲ್ಲರ ಕಂಪ್ಯೂಟರಿಗೂ ಬಂತು. ರಜನಿ ಕಾಫಿ ಹಿಡಿದು ಆಸೆಯಿಂದ ಓದಲು ಕೂತಳು. ನಡುವೆ ಒಂದು ಕಡೆ ಹೀಗಿತ್ತು: ಸೇಲ್ಸ್ ಮುಖ್ಯಸ್ಥೆ ರಜನಿಯವರ ಅಜಾಗರೂಕತೆಯಿಂದ ಕಾರ್ಕ್ ನಗರದ ಗಿರಾಕಿಗೆ ತಪ್ಪು ಸಾಲ್ವೆಂಟ್ ಹೋಗಿ ಕಾರ್ಖಾನೆ ನಿಂತಿತು, ಅವರು ಖುದ್ದಾಗಿ ಕ್ಷಮೆ ಕೇಳಿದರು, ಆ ಬಳಿಕ ಸತ್ಯಪ್ರಕಾಶ್ ಜಾರಿಗೆ ತಂದ ತಪಾಸಣೆಯಿಂದ ಅಂಥ ಘಟನೆ ಮರುಕಳಿಸಲಿಲ್ಲ. ಅವಳು ಕಾಫಿ ಕೆಳಗಿಟ್ಟು ಅದೇ ಸಾಲನ್ನು ಮತ್ತೆ ಓದಿದಳು.

ಏಕೆಂದರೆ ಆ ತಪ್ಪು ಮಾಡಿದವನು ಸತ್ಯಪ್ರಕಾಶನೇ. ಔಷಧಕ್ಕೆ ಹಾಕುವ ಶುದ್ಧ ಸಾಲ್ವೆಂಟೂ ಪೇಂಟ್ ತೊಳೆಯುವ ಸಾಲ್ವೆಂಟೂ ಒಂದೇ ತರದ ನೀಲಿ ಡ್ರಮ್ಮಿನಲ್ಲಿ ಬರುತ್ತವೆ. ಲೇಬಲ್ ನೋಡದೆ ಪೇಂಟಿನದನ್ನು ಲಾರಿಗೆ ಹತ್ತಿಸಿದ್ದ. ಗಿರಾಕಿಯ ಲ್ಯಾಬಿನವರು ಸಕಾಲಕ್ಕೆ ಹಿಡಿದರು, ಇಲ್ಲದಿದ್ದರೆ ದೇವರೇ ಗತಿ. ಅವತ್ತು ಸತ್ಯಪ್ರಕಾಶ ಸ್ಟೋರ್‌ರೂಮಿನಲ್ಲಿ ಕೂತು ಅತ್ತಿದ್ದ, ಕೆಲಸ ಹೋದರೆ ವೀಸಾನೂ ಹೋಗುತ್ತದೆಂದು.

ನಕಾನೊ ಆಗ ರಜನಿಗೆ ತಮ್ಮ ಕಂಪನಿಯ ರೂಢಿ ತಿಳಿಸಿದ್ದರು. ಕೆಳಗಿನವರು ಏನೇ ತಪ್ಪು ಮಾಡಲಿ, ಗಿರಾಕಿಯ ಎದುರು ತಲೆಬಾಗುವವರು ಆ ವಿಭಾಗದ ಹಿರಿಯರು. ಯಾರು ಮಾಡಿದ್ದೆಂದು ಹೊರಗೆ ಹೇಳುವುದಿಲ್ಲ, ನನ್ನ ತಪ್ಪು ಎಂದಷ್ಟೇ ಹೇಳುವುದು. ರಜನಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ತಮ್ಮನ ತಪ್ಪಿಗೆ ಅಕ್ಕ ಬೈಗುಳ ತಿನ್ನುವುದು ಯಾವ ಊರಿನಲ್ಲಿಲ್ಲ? ಕಾರ್ಕ್‌ಗೆ ಹೋದಳು, ನಡು ಬಗ್ಗಿಸಿದಳು, ತಪ್ಪು ನನ್ನದು ಅಂದಳು. ಕುಮೊಯಿಯ ವಕೀಲರ ಕಾಗದ ಬರುತ್ತದೆಂದು ಕಾದಿದ್ದ ಅಲ್ಲಿನ ಮ್ಯಾನೇಜರ್ ತಬ್ಬಿಬ್ಬಾಗಿ ಅವಳಿಗೆ ಚಹಾ ತರಿಸಿದ. ಆ ಗಿರಾಕಿ ಇಂದಿಗೂ ಕುಮೊಯಿಯನ್ನು ಬಿಟ್ಟಿಲ್ಲ.

ರಜನಿ ಪರದೆ ಹಾಗೇ ಬಿಟ್ಟು ಸತ್ಯಪ್ರಕಾಶನನ್ನು ಹುಡುಕಿಕೊಂಡು ಹೋದಳು. ಅವನು ಮೊದಲು ಕೆಮ್ಮಿದ, ಆಮೇಲೆ ಒಸಾಕಾದವರು ಕಾರ್ಕ್‌ನ ಘಟನೆ ಬೇಕೇ ಬೇಕು ಅಂದರು, ಹೊರಗಿನವರಿಗೆ ನೀವು ಹೇಳಿದ್ದನ್ನೇ ಬರೆದೆ ಅಂದ. ಬಾಯಿ ಬೆಲ್ಲ, ಕರುಳು ಕತ್ತರಿ. ಆದರೆ ಅವಳ ಮುಖ ನೋಡಿ ಧ್ವನಿ ತಗ್ಗಿಸಿದ.

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ಒಸಾಕಾದಿಂದ ಡೈರೆಕ್ಟರ್ ಬರ್ತಾರಲ್ಲ, ಅವ್ರ ಮುಂದೆ ನಾನೇ ಹೇಳ್ತೀನಿ. ಪ್ರಾಮಿಸ್."

ಅವಳು ನಂಬಿದಳು. ಆದರೂ ಒಂದು ಅಳುಕಿನಿಂದ ನಕಾನೊ ಬಳಿ ಹೋಗಿ, ನಿಮಗೆ ಎಲ್ಲ ಗೊತ್ತಲ್ಲ, ನೀವೊಂದು ಮಾತು ಹೇಳಿ ಅಂದಳು. ಪುಸ್ತಕವೂ ಹೊರಗಿನವರ ಕೈಗೆ ಹೋಗುವಂಥದ್ದು, ಹೊರಗಿನವರಿಗೆ ಒಮ್ಮೆ ಕೊಟ್ಟ ಮಾತನ್ನು ಕಂಪನಿ ಹಿಂದಕ್ಕೆ ಪಡೆಯುವುದಿಲ್ಲ ಅಂದರು ನಕಾನೊ. ತಪ್ಪು ಮಾಡಿದವನೇ ಬಾಯಿಬಿಟ್ಟು ಒಪ್ಪಿಕೊಂಡರೆ ಬೇರೆ ವಿಚಾರವಂತೆ. ಕ್ಷಮೆ ಕೇಳಲು ಹೋಗು ಎಂದು ಅವಳನ್ನು ಕಳಿಸಿದ್ದೇ ಈ ಮನುಷ್ಯ! ಇನ್ನು ಉಳಿದದ್ದು ಸತ್ಯಪ್ರಕಾಶನ ನಾಲಿಗೆಯೊಂದೇ.

ಒಸಾಕಾದ ಡೈರೆಕ್ಟರ್ ಮೊರಿತಾ ಬಂದರು. ಹತ್ತಿರದ ಹೋಟೆಲಿನಲ್ಲಿ ಆಫೀಸಿನ ಎಲ್ಲರಿಗೂ ಮಧ್ಯಾಹ್ನದ ಊಟ. ಮುಂದಿನ ಮುಖ್ಯಸ್ಥರು ಯಾರೆಂದು ಅಲ್ಲೇ ಹೇಳುವುದಿತ್ತು. ಸೂಪು ಮುಗಿಯಿತು, ಮೀನು ಬಂತು. ಸತ್ಯಪ್ರಕಾಶ ರಗ್ಬಿ ಮ್ಯಾಚಿನ ಬಗ್ಗೆ ಮಾತಾಡಿದ, ಹವೆಯ ಬಗ್ಗೆ ಮಾತಾಡಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ರಜನಿ ಅವನನ್ನೇ ನೋಡುತ್ತಿದ್ದಳು.

ಕೊನೆಗೆ ಮೊರಿತಾ ಅವರೇ ಮಾತು ತೆಗೆದರು. ಅಧ್ಯಾಯ ಓದಿದೆ, ಅಷ್ಟು ದೊಡ್ಡ ತಪ್ಪನ್ನು ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು ಎಂದು ರಜನಿಯನ್ನು ಹೊಗಳಿದರು. ಆದರೆ ಈ ಕಸುಬಿನಲ್ಲಿ ಡ್ರಮ್ಮು ಅದಲುಬದಲಾದರೆ ಜೀವ ಹೋಗುತ್ತದೆ, ಆದ್ದರಿಂದ ಆಫೀಸನ್ನು ಎಚ್ಚರದ ಕೈಗೆ ಕೊಡಬೇಕೆಂದು ತೀರ್ಮಾನಿಸಿದ್ದೇವೆ ಎನ್ನುತ್ತ ಸತ್ಯಪ್ರಕಾಶನ ಕಡೆ ತಿರುಗಿದರು.

ರಜನಿ ಮೇಜಿನ ಮೇಲೆ ಕೈಯೂರಿದಳು. ಕನ್ನಡ ಬಲ್ಲವರು ಅಲ್ಲಿ ಅವರಿಬ್ಬರೇ. "ಸತ್ಯಾ, ಈಗ್ಲಾದ್ರೂ ಹೇಳೋ," ಅಂದಳು.

ಅವನು ನ್ಯಾಪ್‌ಕಿನ್ನಿನಿಂದ ತುಟಿ ಒರೆಸಿಕೊಂಡು, ತಲೆ ಒಂದು ಕಡೆ ವಾಲಿಸಿ, ಅಪರಿಚಿತಳನ್ನು ಮಾತಾಡಿಸುವ ಹಾಗೆ ಇಂಗ್ಲಿಷಿನಲ್ಲಿ ಕೇಳಿದ: ಸಾರಿ ರಜನಿ, ಇಂಗ್ಲಿಷಿನಲ್ಲಿ ಹೇಳುತ್ತೀರಾ, ಎಲ್ಲರಿಗೂ ಅರ್ಥವಾಗಲಿ?

ಸರಿ, ಅವಳು ಇಂಗ್ಲಿಷಿನಲ್ಲೇ ಹೇಳಿದಳು. ತಪ್ಪು ತನ್ನದಲ್ಲ, ಇವನದು, ಗೊತ್ತಿದ್ದೇ ನಕಾನೊ ತನ್ನನ್ನು ಕಳಿಸಿದ್ದು. ಮೊರಿತಾ ನಕಾನೊ ಕಡೆ ನೋಡಿದರು. ನಕಾನೊ ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಸತ್ಯಪ್ರಕಾಶ ಪಾಪ ಅನ್ನುವ ಹಾಗೆ ಅವಳ ಕಡೆ ಒಂದು ನಗೆ ನಕ್ಕ. ಮೊರಿತಾ ಮೆತ್ತಗೆ, ಬಹಳ ಮರ್ಯಾದೆಯಿಂದ ಕೇಳಿದರು: ಹಾಗಾದರೆ ಕಾರ್ಕ್‌ನಲ್ಲಿ ನೀವು ನಮ್ಮ ಗಿರಾಕಿಗೆ ಸುಳ್ಳು ಹೇಳಿದಿರಾ?

ಹೌದು ಅಂದರೆ ಸುಳ್ಳುಗಾತಿ, ಇಲ್ಲ ಅಂದರೆ ತಪ್ಪಿತಸ್ಥೆ. ರಜನಿ ಬ್ಯಾಗು ಎತ್ತಿಕೊಂಡು ಎದ್ದಳು.

ಕಾರ್‌ಪಾರ್ಕಿನಲ್ಲಿ ಬೀಗದ ಕೈ ಹುಡುಕುತ್ತಿದ್ದಾಗ ಹಿಂದಿನಿಂದ ಓಡಿಬಂದ ಸದ್ದು. ಸತ್ಯಪ್ರಕಾಶ. ಏದುಸಿರು ಬಿಡುತ್ತಿದ್ದ, ನಾಲಿಗೆ ಮತ್ತೆ ಕನ್ನಡಕ್ಕೆ ಹೊರಳಿತ್ತು.

"ಅಕ್ಕ, ಒಂದ್ ನಿಮ್ಷ. ನಂಗೆ ಬೇರೆ ದಾರಿ ಇರ್ಲಿಲ್ಲ ಅಕ್ಕ. ನೀವು ದೊಡ್ಡೋರು, ಅರ್ಥ ಮಾಡ್ಕೋತೀರ."

ಉಂಡ ಮನೆಗೆ ಎರಡು ಬಗೆದು ಅರ್ಥ ಮಾಡಿಕೊಳ್ಳಿ ಅನ್ನುತ್ತಾನಲ್ಲ, ಏನು ಧೈರ್ಯ ಇವನಿಗೆ! ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಅಕ್ಕ ಅನ್ಬೇಡ," ಅಂದಳು. "ಅಲ್ಲಿ ಎಲ್ಲರ ಮುಂದೆ ಏನಂತ ಕರೆದ್ಯೋ, ಇನ್ಮೇಲೆ ಅದೇ ಇರ್ಲಿ."

ಅವನು ಬಾಯಿ ತೆರೆದ. ರಜನಿ ಅನ್ನಲು ಅವನ ಬಾಯಿಗೆ ಬರಲಿಲ್ಲ, ಅಕ್ಕ ಅನ್ನಲು ಅವಳು ಬಿಟ್ಟಿರಲಿಲ್ಲ. ಹಾಗೇ ನಿಂತ. ಅವಳು ಕಾರು ಹತ್ತಿ ಬಾಗಿಲು ಹಾಕಿಕೊಂಡಳು.