ಮೇಸ್ತ್ರಿಯ ಮೂಗು

“ನೂರಕ್ಕೆ ಅರವತ್ತು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ,” ಎಂದ ಗ್ಯಾರೇಜಿನ ಮೇಸ್ತ್ರಿ, ಇಂಧನದ ಡ್ರಮ್ಮಿನ ಬಾಯಿಂದ ಮೂಗೆತ್ತಿ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟು ಬೆರೆತಿದೆಯೆಂದು ಮೂಸಿಯೇ ಹೇಳುವ ಮೂಗು ಅದು. ಭೂಮಂಡಲದಲ್ಲಿ ಅಂಥದು ಇನ್ನೊಂದಿರಲಿಲ್ಲ. ಇದ್ದಿದ್ದರೆ ಅದಕ್ಕೂ ಇವನೇ ಕೆಲಸ ಕಲಿಸಿರುತ್ತಿದ್ದ. ಮೂರು ಬೀದಿ ಆಚೆ ಯಾರಾದರೂ ಟ್ಯಾಂಕಿನ ಮುಚ್ಚಳ ತೆಗೆದರೆ ಇಲ್ಲಿ ಇವನಿಗೆ ಸೀನು ಬರುತ್ತಿತ್ತು. ಬೇಕಿದ್ದರೆ ಪಕ್ಕದಂಗಡಿಯ ಟೈರಿನವನನ್ನು ಕೇಳಿ.

ಮಧ್ಯಾಹ್ನ ಗುಡ್ಡ ಹತ್ತುವ ರೇಸು. ಕಾರು ಓಡಿಸುವವಳು ಮೇಸ್ತ್ರಿಯ ಮಗಳು. ಅಪ್ಪ ಮಗಳು ನಾಲ್ಕು ವರ್ಷ ಕೂತು ಕಟ್ಟಿದ ಎಂಜಿನ್ನು. ಅದು ಒಮ್ಮೆ ಗುಡುಗಿದರೆ ಊರಿನ ಕಿಟಕಿಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಎಥನಾಲ್ ಹೆಚ್ಚಿದಷ್ಟೂ ಅದರ ಕಸುವು ಹೆಚ್ಚು, ಹಸಿವೂ ಹೆಚ್ಚು. ಇಂಧನ ಇಳಿಯುವ ಹಿತ್ತಾಳೆಯ ಪುಟ್ಟ ಕಂಡಿ, ಅಂದರೆ ಜೆಟ್ಟು, ಆ ಹಸಿವಿಗೆ ಚಿಕ್ಕದಾದರೆ ಅರ್ಧ ಗುಡ್ಡದಲ್ಲೇ ಪಿಸ್ಟನ್ನು ಕರಗಿ ತೂತಾಗುತ್ತದೆ. ಮೇಸ್ತ್ರಿ ಅರವತ್ತರ ಜೆಟ್ಟು ಹಾಕಿ ಕೈ ಒರೆಸಿಕೊಂಡ.

ಮಗಳಿಗೆ ಬೆಳಗಿನ ಹಾಲು ನೆನಪಿತ್ತು. ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿ, ಸೀದ ವಾಸನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರೂ, ಒಲೆಯಿಂದ ಮಾರು ದೂರದಲ್ಲಿ ಕೂತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಿರಲಿಲ್ಲ. ಅವಳೇ ಒಲೆ ಆರಿಸಿ ಪಾತ್ರೆ ತಿಕ್ಕಿಟ್ಟಿದ್ದಳು.

ಈಗ ಅವಳು ಕಪಾಟಿನ ಮರೆಯಲ್ಲಿ, ಗೆರೆ ಕೊರೆದ ಗಾಜಿನ ಕೊಳವೆಗೆ ಒಂದಿಷ್ಟು ನೀರು, ಮೇಲೆ ಡ್ರಮ್ಮಿನ ಇಂಧನ ಹಾಕಿ ಕುಲುಕಿದಳು. ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ಸೇರಿ ಕೆಳಗಿಳಿಯಿತು. ಗೆರೆ ನೋಡಿ ಲೆಕ್ಕ ಹಾಕಿದಳು. ಎಂಬತ್ತೈದು. ಇನ್ನೊಮ್ಮೆ ಮಾಡಿದಳು. ಎಂಬತ್ತೈದೇ.

“ಏನಮ್ಮಾ, ನಿಮ್ಮಪ್ಪನ ಮೂಗಿಗೇ ಪರೀಕ್ಷೆ ಇಟ್ಯಾ?” ಹಿಂದಿನಿಂದ ಟೈರಿನವನು ಕೂಗಿದ. ಗ್ಯಾರೇಜಿನಲ್ಲಿ ನೆರೆದಿದ್ದ ಜನ ಗೊಳ್ಳೆಂದು ನಕ್ಕಿತು. ಮೇಸ್ತ್ರಿ ನಗಲಿಲ್ಲ. ಅವನ ಕಣ್ಣು ಕೊಳವೆಯ ಮೇಲಿತ್ತು.

“ಮೂಗಿಗಲ್ಲಣ್ಣ, ನನ್ನ ತಲೆಗೆ,” ಎಂದಳು. “ಅಪ್ಪಾ, ನೀನು ಮೂಸಿದ್ದು ಹಳೇ ಡ್ರಮ್ಮು. ಟ್ಯಾಂಕಿಗೆ ನಾನು ಹೊಸದ್ರಿಂದ ಸುರಿದುಬಿಟ್ಟೆ. ಇದು ಎಂಬತ್ತೈದಿದೆ.”

ಗ್ಯಾರೇಜಿನಲ್ಲಿದ್ದದ್ದು ಒಂದೇ ಡ್ರಮ್ಮು. ಬೆಳಿಗ್ಗೆ ಅದನ್ನು ಉರುಳಿಸಿಕೊಂಡು ಬಂದವನು ಟೈರಿನವನೇ. ಅವನು ಬಾಯಿ ತೆರೆದ. ಮಗಳು ತನ್ನತ್ತ ನೋಡಿದ್ದು ಕಂಡು, ಆಕಳಿಕೆ ಬಂದವನಂತೆ ಮುಚ್ಚಿದ.

“ನೋಡಿದ್ರಾ?” ಮೇಸ್ತ್ರಿ ಜನರತ್ತ ತಿರುಗಿದ. “ನನ್ನ ಕೇಳ್ದೆ ಡ್ರಮ್ಮು ಮುಟ್ಬೇಡ ಅಂತ ಸಾವಿರ ಸಲ ಬಡ್ಕೊಂಡಿದೀನಿ.”

ದನಿ ಎಂದಿನಷ್ಟೇ ಜೋರಿತ್ತು. ಆದರೆ ದೊಡ್ಡ ಜೆಟ್ಟುಗಳ ಡಬ್ಬಿಯನ್ನು, ಈವರೆಗೆ ಬ್ರಹ್ಮ ಬಂದು ಕೇಳಿದರೂ ಕೊಡದಿದ್ದ ಡಬ್ಬಿಯನ್ನು, ಅವಳ ಕೈಗಿಟ್ಟ.

“ನೀನೇ ಹಾಕು.”

ಎರಡು ಗಂಟೆಗೆ ಕಾರು ಗುಡ್ಡ ಹತ್ತತೊಡಗಿತು. ಜನವೆಲ್ಲ ರಸ್ತೆಗೆ ಓಡಿತು. ಸದ್ದು ಒಂದೊಂದೇ ತಿರುವು ದಾಟಿ, ಎಲ್ಲೂ ತಡವರಿಸದೆ, ಮೇಲಕ್ಕೆ ಹೋಯಿತು.

ಖಾಲಿ ಗ್ಯಾರೇಜಿನಲ್ಲಿ ಮೇಸ್ತ್ರಿ ಕೊಳವೆಯ ಬಿರಡೆ ತೆಗೆದ. ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡ. ಚೆನ್ನಾಗಿ ಕುಲುಕಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಎಳೆದುಕೊಂಡ.