ಲಾಗ್ ಓದುತ್ತಿದ್ದ ಇಸಿದೋರ್

೧೯೮೬ರಲ್ಲಿ ಕದ್ರಿಯ ಆ ಗೇರುಬೀಜ ಕಂಪೆನಿಯ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಹೊರಗೆ ಉಳಿದವರೆಲ್ಲ ಸೆಕೆಯಲ್ಲಿ ಬೇಯುವಾಗ ಅಲ್ಲಿ ಯಂತ್ರವೊಂದೇ ತಣ್ಣಗೆ ಕೂತಿರುತ್ತಿತ್ತು. ಪಕ್ಕದ ಪ್ರಿಂಟರು ದಿನವಿಡೀ ಕಟಕಟ ಎಂದು ಲಾಗ್ ಬರೆಯುತ್ತಿತ್ತು: ಯಾರು ಬಂದರು, ಯಾರು ಹೊರಟರು, ಡಿಸ್ಕು ಯಾವ ಜಾಗವನ್ನು ಎರಡೆರಡು ಸಲ ಓದಬೇಕಾಯಿತು, ಎಲ್ಲವನ್ನೂ. ಅಂಥ ಚಾಡಿಕೋರ ಯಂತ್ರವನ್ನು ಆಗ ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕುಶಲಾ ಮತ್ತೆಂದೂ ಕಾಣಲಿಲ್ಲ. ನೆನೆದರೆ ಇವತ್ತಿಗೂ ಅವಳಿಗೆ ಏನೋ ಸಂಕಟ, ಏನೋ ಪ್ರೀತಿ.

ಆ ಚಾಡಿಯನ್ನೆಲ್ಲ ಓದುವವರು ಆಪರೇಟರ್ ಇಸಿದೋರ್. ಇಪ್ಪತ್ತು ವರ್ಷ ಅದೇ ಕಂಪೆನಿಯಲ್ಲಿ ಟೆಲೆಕ್ಸ್ ಕುಟ್ಟಿ ಇಲ್ಲಿಗೆ ಬಂದವರು. ಬೆಳಿಗ್ಗೆ ಹಿಂದಿನ ದಿನದ ಕಾಗದ ಹರಡಿ, ಮರಣವಾರ್ತೆ ಓದುವವರ ಹಾಗೆ ಗಂಭೀರವಾಗಿ ಕೂರುವರು. ಡಿಸ್ಕು ಎರಡೆರಡು ಸಲ ಓದಿದ ಸಾಲುಗಳು ಹೆಚ್ಚಿದರೆ, ಅದು ಕೆಡುವ ಮೊದಲೇ ರಿಪೇರಿಯವನನ್ನು ಕರೆಸುವರು.

ಕುಶಲಾ ಪ್ರೊಗ್ರಾಮರ್ ಆಗಿ ಸೇರಿ ಮೂರು ತಿಂಗಳಾಗಿತ್ತಷ್ಟೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕಾಗದ ಪೋಲು ಎಂದು ಮ್ಯಾನೇಜರ್ ಚಿತ್ತರಂಜನ ಗೊಣಗಿದ್ದೇ ತಡ, ಅವಳು ಲಾಗಿನ ಸೆಟ್ಟಿಂಗ್ ಬದಲಿಸಿದಳು: ದೊಡ್ಡ ದೋಷವಿದ್ದರೆ ಮಾತ್ರ ಬರೆ, ಸಣ್ಣಪುಟ್ಟದ್ದನ್ನು ಬಿಡು. ಎರಡೇ ಸಾಲಿನ ಕೆಲಸ. ಪ್ರಿಂಟರು ಬಾಯಿ ಮುಚ್ಚಿತು. ಮ್ಯಾನೇಜರ್ ಭೇಷ್ ಎಂದರು, ಅವಳು ಹಿಗ್ಗಿ ಹೀರೇಕಾಯಿಯಾದಳು. ಇಸಿದೋರ್‌ಗೆ ಒಂದು ಮಾತು ಹೇಳಬೇಕೆಂದು ಮಾತ್ರ ಆ ಜಾಣೆಗೆ ತೋಚಲೇ ಇಲ್ಲ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಡಿಸ್ಕು ಕೈಕೊಟ್ಟಿತು. ಇಡೀ ವಾರದ ದಾಖಲೆಗಳು ಹೋದವು.

"ಎಂತ ಇಸಿದೋರ್, ಲಾಗ್ ನೋಡುವುದೊಂದೇ ನಿಮ್ಮ ಕೆಲಸ. ಅದೂ ಆಗುವುದಿಲ್ಲಾಂದ್ರೆ ನಾಳೆಯಿಂದ ಬರುವುದು ಬೇಡ!" ಎಂದು ಚಿತ್ತರಂಜನ ಎಲ್ಲರೆದುರು ಹಾರಾಡಿದರು.

ಇಸಿದೋರ್ ತಲೆ ತಗ್ಗಿಸಿದರು. ಸುಮ್ಮನಿದ್ದರೆ ಕುಶಲಾಳ ಕೆಲಸ ಉಳಿಯುತ್ತದೆ, ಅವರದು ಹೋಗುತ್ತದೆ.

"ಸರ್, ಡಿಸ್ಕಿನ ಸಾಲು ಬರದ ಹಾಗೆ ಮಾಡಿದ್ದು ನಾನು," ಎಂದಳು. "ಅವರಿಗೆ ಓದ್ಲಿಕ್ಕೆ ಅಲ್ಲಿ ಎಂತದೂ ಇರ್ಲಿಲ್ಲ."

ಮ್ಯಾನೇಜರ್ ಮುಖ ಕೆಂಪಾಯಿತು. ಕಾಗದದ ಮಾತು ತೆಗೆದದ್ದು ತಾವೇ ಎಂದು ನೆನಪಾಯಿತೋ ಏನೋ, "ಮೊದಲಿನ ಹಾಗೆ ಮಾಡಿ" ಎಂದಷ್ಟೇ ಹೇಳಿ ಹೊರಟುಹೋದರು.

ಕ್ಷಮೆ ಕೇಳಲು ಅವಳು ಹತ್ತಿರ ಹೋದಾಗ ಇಸಿದೋರ್ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿನ್ನದೊಂದೇ ತಪ್ಪಲ್ಲ ಮಾರಾಯ್ತಿ. ಸಾಲು ನಿಂತದ್ದು ನನಗೆ ಮೊದಲ ದಿನವೇ ಗೊತ್ತಾಗಿತ್ತು."

"ಮತ್ತೆ ಎಂತಕ್ಕೆ ಕೇಳ್ಲಿಲ್ಲ?"

"ಮೊನ್ನೆ ಮೊನ್ನೆ ಬಂದ ಹುಡುಗಿಯ ಹತ್ರ ಕೇಳುವುದು ಹೇಗೆ ಅಂತ ನಾಚಿಕೆ ಆಯ್ತು. ಎರಡು ತಿಂಗಳು ದಿನಾ ಖಾಲಿ ಕಾಗದ ಹರಡಿ, ಓದುವವನ ಹಾಗೆ ಕೂತಿದ್ದೆ."